ದಿಗ್ವಿಜಯದ ಮರುದಿನ ಏನು? ಅಲೆಗ್ಸಾಂಡರ್, ಸೀಸರ್, ಚಿನ್ ಚಕ್ರವರ್ತಿ, ಅಶೋಕ: ಯಾರಿಗೆ ಏನು ಬೇಕಾಗಿತ್ತು?

ತಡರಾತ್ರಿಯ ಓದುಗ

ಮಗಳಿಗೆ ಪರೀಕ್ಷೆಯ ಪಾಠ ಒಪ್ಪಿಸಿಕೊಳ್ಳುತ್ತಿದ್ದೆ. "ಅಲೆಗ್ಸಾಂಡರನ ದಂಡಯಾತ್ರೆಯ ಪರಿಣಾಮಗಳನ್ನು ಬರೆಯಿರಿ, ನಾಲ್ಕು ಅಂಕ." ಗಿಳಿಪಾಠ ಒಪ್ಪಿಸಿ ಮುಗಿಸಿದ ಮೇಲೆ ಕೇಳಿದಳು: "ಅದೆಲ್ಲ ಸರಿ ಅಪ್ಪಾ, ಅವನಿಗೆ ಬೇಕಾಗಿದ್ದಾದರೂ ಏನು?" ಅದಕ್ಕೆ ಅಂಕ ಇಲ್ಲ ಎಂದು ಹೇಳಿ ತಪ್ಪಿಸಿಕೊಂಡೆ. ಅವಳು ಮಲಗಿದಳು. ನನಗೆ ನಿದ್ದೆ ಹತ್ತಲಿಲ್ಲ.

ಯಾರು ಎಷ್ಟು ನೆಲ ಗೆದ್ದರು ಎಂಬ ಪಟ್ಟಿ ಇಲ್ಲಿ ಬೇಡ. ಎಲ್ಲಿಗೆ ಮುಟ್ಟಿದರೆ ಸಾಕು ಎಂದು ಅವರು ಅಂದುಕೊಂಡಿದ್ದರು? ನನ್ನ ಪ್ರಶ್ನೆ ಅಷ್ಟೇ.

ಅಲೆಗ್ಸಾಂಡರನ ವಿಷಯದಲ್ಲಿ ನನಗೆ ಅನ್ನಿಸಿದ್ದನ್ನು ಹೇಳುತ್ತೇನೆ. ಪರ್ಷಿಯಾದ ಮೇಲೆ ಏರಿ ಹೋಗುವ ಯೋಜನೆ ಅವನದಲ್ಲ, ಅಪ್ಪ ಫಿಲಿಪ್ಪನದು. ಕ್ರಿ.ಪೂ. 336ರಲ್ಲಿ ಫಿಲಿಪ್ಪನ ಕೊಲೆಯಾದಾಗ ಸೇನಾಪತಿ ಪಾರ್ಮೆನಿಯನ್ ಮುಂಗಡ ಪಡೆಯೊಂದಿಗೆ ಆಗಲೇ ಏಷ್ಯಾದ ದಡದಲ್ಲಿದ್ದ. ಸೈನ್ಯ, ಉದ್ದನೆಯ ಭರ್ಜಿ, ಶತ್ರು ಎಲ್ಲವೂ ಮಗನಿಗೆ ಸಿದ್ಧವಾಗಿ ಸಿಕ್ಕವು. ಇಸ್ಸಸ್‌ನಲ್ಲಿ ಸೋತ ಮೇಲೆ ಪರ್ಷಿಯಾದ ದೊರೆ ದರಾಯವೌಷ (ಡೇರಿಯಸ್) ಯೂಫ್ರಟಿಸ್ ನದಿಯವರೆಗಿನ ನೆಲ, ಹತ್ತು ಸಾವಿರ ಟ್ಯಾಲೆಂಟ್ ಹಣ, ಜೊತೆಗೆ ಮಗಳನ್ನು ಕೊಡುತ್ತೇನೆ ಎಂದ. "ನಾನು ಅಲೆಗ್ಸಾಂಡರ್ ಆಗಿದ್ದರೆ ಒಪ್ಪುತ್ತಿದ್ದೆ" ಎಂದನಂತೆ ಪಾರ್ಮೆನಿಯನ್. "ನಾನು ಪಾರ್ಮೆನಿಯನ್ ಆಗಿದ್ದರೆ ನಾನೂ ಒಪ್ಪುತ್ತಿದ್ದೆ" ಎಂದು ಉತ್ತರ ಬಂತು. ಅಪ್ಪನ ಯೋಜನೆ ಅಲ್ಲಿಗೆ ಮುಗಿಯಿತು. ಆಮೇಲಿನದು ಮಗನ ಸ್ವಂತದ್ದು, ಅದರಲ್ಲಿ "ಸಾಕು" ಎಂಬ ಪದವೇ ಇರಲಿಲ್ಲ.

ನಿಮಗೆ ಏನನ್ನಿಸುತ್ತದೆ?

ಅಡಿಟಿಪ್ಪಣಿ

ಚಿಕ್ಕ ತಿದ್ದುಪಡಿ. ಆ ಪತ್ರ ಬಂದದ್ದು ಮರುವರ್ಷ, ಟೈರ್ ಪಟ್ಟಣದ ಮುತ್ತಿಗೆಯ ಹೊತ್ತಿಗೆ ಎನ್ನುತ್ತಾನೆ ಅಲೆಗ್ಸಾಂಡರನ ಚರಿತ್ರೆ ಬರೆದ ಅರಿಯನ್. ಬೇರೆಯವರು ಇನ್ನೂ ತಡವಾಗಿ ಇಡುತ್ತಾರೆ. ನಿಮ್ಮ ವಾದಕ್ಕೇನೂ ಧಕ್ಕೆಯಿಲ್ಲ, ಮುಂದುವರಿಯಿರಿ.

ಲೆಕ್ಕಿಗ

ನಾನು ಬ್ಯಾಂಕಿನಲ್ಲಿ ಮೂವತ್ತು ವರ್ಷ ಸಾಲದ ಕಡತ ನೋಡಿದವನು. ಮಹತ್ವಾಕಾಂಕ್ಷೆ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಮೊದಲು ಖಾತೆ ತೆಗೆದು ನೋಡುವ ಚಾಳಿ.

ಹೊರಡುವಾಗ ಅಲೆಗ್ಸಾಂಡರನ ಕೈಯಲ್ಲಿ ಇದ್ದದ್ದು ಎಪ್ಪತ್ತು ಟ್ಯಾಲೆಂಟ್, ಮೂವತ್ತು ದಿನಕ್ಕಾಗುವಷ್ಟು ದವಸ, ಇನ್ನೂರು ಟ್ಯಾಲೆಂಟ್ ಸಾಲ. ಗ್ರೀಕ್ ಜೀವನಚರಿತ್ರೆಕಾರ ಪ್ಲುಟಾರ್ಕ್ ಬೇರೆ ಬೇರೆ ಲೇಖಕರ ಹೆಸರು ಹೇಳಿ ಈ ಲೆಕ್ಕ ಕೊಡುತ್ತಾನೆ. ಒಂದು ಟ್ಯಾಲೆಂಟ್ ಎಂದರೆ ಸುಮಾರು 26 ಕಿಲೋ ಬೆಳ್ಳಿ. ಪರ್ಸೆಪೊಲಿಸ್‌ನ ಪರ್ಷಿಯನ್ ರಾಜರ ಖಜಾನೆಯಲ್ಲಿ ಸಿಕ್ಕಿದ್ದು 1,20,000 ಟ್ಯಾಲೆಂಟ್ ಎಂದು ಹಳೆಯ ಲೇಖಕರು ಬರೆಯುತ್ತಾರೆ. ಅದರಲ್ಲಿ ಅರ್ಧವನ್ನು ಉತ್ಪ್ರೇಕ್ಷೆ ಎಂದು ಕಳೆದರೂ ಹಳೆಯ ಸಾಲ ತೀರಿ ಎಷ್ಟೋ ಉಳಿಯುತ್ತದೆ. ಅಂದರೆ ಮೊದಲ ನಾಲ್ಕು ವರ್ಷ ಅವನು ಮುಂದೆ ಹೋಗಿದ್ದು ನಿಂತರೆ ಸಂಬಳ ಬಟವಾಡೆ ಆಗದು ಎಂಬ ಕಾರಣಕ್ಕೂ ಇರಬಹುದು. ಪರ್ಸೆಪೊಲಿಸ್ ಆದಮೇಲೆ ಆ ನೆಪ ಇಲ್ಲ.

ಜೂಲಿಯಸ್ ಸೀಸರನದ್ದು ಇದಕ್ಕಿಂತ ಶುದ್ಧವಾದ ಸಾಲದ ಕಥೆ. ಕ್ರಿ.ಪೂ. 61ರಲ್ಲಿ ಸ್ಪೇನಿಗೆ ಅಧಿಕಾರಿಯಾಗಿ ಹೊರಟವನನ್ನು ಸಾಲ ಕೊಟ್ಟವರು ಅಡ್ಡಗಟ್ಟಿದರು. ಶ್ರೀಮಂತ ಕ್ರಾಸಸ್ 830 ಟ್ಯಾಲೆಂಟಿಗೆ ಜಾಮೀನು ನಿಂತ ಮೇಲೆ ಬಿಟ್ಟರು. ಮುಂದೆ ಗಾಲ್ (ಇಂದಿನ ಫ್ರಾನ್ಸ್ ಕಡೆಯ) ದೇಶವನ್ನು ದೋಚಿ ತಂದ ಚಿನ್ನಕ್ಕೆ ಇಟಲಿಯಲ್ಲಿ ಬೆಲೆಯೇ ಇಳಿಯಿತು. ಹತ್ತು ಲಕ್ಷ ಜನರನ್ನು ಕೊಂದ, ಅಷ್ಟೇ ಜನರನ್ನು ಸೆರೆ ಹಿಡಿದ ಎಂಬುದು ಪ್ಲುಟಾರ್ಕನ ಅಂಕಿ. ಜಾಮೀನು ನಿಂತವನಿಗೆ ಇದರಲ್ಲಿ ಪಾಲಿಲ್ಲವೇ ಎಂದು ನನಗೆ ಆಗಾಗ ಅನ್ನಿಸುತ್ತದೆ.

ನಿವೃತ್ತ ಮೇಷ್ಟ್ರು

ಲೆಕ್ಕಿಗರೇ, ಅದೇ ಸೀಸರ್ ಸ್ಪೇನಿನ ಗಾದಿಸ್ ಊರಿನಲ್ಲಿ ಅಲೆಗ್ಸಾಂಡರನ ಪ್ರತಿಮೆಯ ಮುಂದೆ ನಿಟ್ಟುಸಿರು ಬಿಟ್ಟನಂತಲ್ಲ, ಈ ವಯಸ್ಸಿಗೆ ಅವನು ಜಗತ್ತನ್ನು ಗೆದ್ದಿದ್ದ, ನಾನು ಏನೂ ಮಾಡಿಲ್ಲ ಎಂದು. ಅದು ಯಾವ ಖಾತೆಗೆ ಹೋಗುತ್ತದೆ? ಸೀಸರ್ ನೆಲವನ್ನು ಬಯಸಿದವನೇ ಅಲ್ಲ ಎಂಬುದು ನನ್ನ ಅನಿಸಿಕೆ. ಆಲ್ಪ್ಸ್‌ನ ಹಾಳು ಹಳ್ಳಿಯೊಂದನ್ನು ದಾಟುವಾಗ, ರೋಮಿನಲ್ಲಿ ಎರಡನೆಯವನಾಗುವುದಕ್ಕಿಂತ ಇಲ್ಲಿ ಮೊದಲನೆಯವನಾಗುವುದು ಮೇಲು ಎಂದನಂತೆ. ಅವನಿಗೆ ಬೇಕಾಗಿದ್ದು ತನ್ನ ಊರಿನ ಮೊದಲ ಕುರ್ಚಿ. ಗಾಲ್ ದೇಶ ಅದಕ್ಕೆ ಏಣಿ.

ಇನ್ನು, ಈ ಚರ್ಚೆಯನ್ನು ನೀವು ಹೊಸದಾಗಿ ಶುರು ಮಾಡಿದಿರಿ ಎಂದು ಬೀಗಬೇಡಿ. ಕಾರ್ತೇಜಿನ ಸೇನಾನಿ ಹ್ಯಾನಿಬಲ್ ಮತ್ತು ಅವನನ್ನು ಸೋಲಿಸಿದ ರೋಮಿನ ಸಿಪಿಯೋ ಎಫೆಸಸ್‌ನಲ್ಲಿ ಮುಖಾಮುಖಿಯಾದಾಗ ಇದೇ ಮಾತು ಎದ್ದಿತ್ತು ಎಂಬ ಕಥೆಯಿದೆ. ಸೇನಾನಿಗಳಲ್ಲಿ ಯಾರು ಶ್ರೇಷ್ಠ? ಅಲೆಗ್ಸಾಂಡರ್ ಮೊದಲು, ಪಿರ್‍ಹಸ್ ಎರಡನೆಯವನು, ನಾನು ಮೂರನೆಯವನು ಎಂದ ಹ್ಯಾನಿಬಲ್. ನನ್ನನ್ನು ನೀನು ಸೋಲಿಸಿದ್ದರೆ, ಎಂದು ಕೇಳಿದ ಸಿಪಿಯೋ. ಆಗ ನಾನೇ ಮೊದಲನೆಯವನು ಎಂದ. ಸೋತವನನ್ನು ಕೇಳಿಯೂ ಸಿಪಿಯೋ ಪಟ್ಟಿಯಲ್ಲಿ ತನ್ನ ಹೆಸರು ಹೊರಡಿಸಲಾಗಲಿಲ್ಲ. ಆದರೂ ಹೊಗಳಿಕೆಯನ್ನು ಸುತ್ತು ಬಳಸಿ ಪಡೆದ.

ಆ ಎರಡನೆಯವನ ಕಥೆ ನಿಮ್ಮ ಮಗಳ ಪ್ರಶ್ನೆಗೆ ಸರಿಯಾಗಿ ಹೊಂದುತ್ತದೆ. ಎಪಿರಸ್‌ನ ದೊರೆ ಪಿರ್‍ಹಸ್ ಇಟಲಿಗೆ ಹೊರಡುವ ಮುನ್ನ ಮಂತ್ರಿ ಕಿನಿಯಸ್ ಕೇಳಿದನಂತೆ: ರೋಮನ್ನರನ್ನು ಗೆದ್ದ ಮೇಲೆ? ಸಿಸಿಲಿ. ಆಮೇಲೆ? ಕಾರ್ತೇಜ್, ಲಿಬಿಯಾ. ಆಮೇಲೆ? ಮೆಸಿಡೋನಿಯಾ, ಇಡೀ ಗ್ರೀಸ್. ಎಲ್ಲ ಆದಮೇಲೆ? ದಿನವೂ ಕುಡಿದು, ಹಾಯಾಗಿ ಹರಟುತ್ತ ಕೂರೋಣ. ಅದನ್ನು ಈಗಲೇ ಮಾಡುವುದಕ್ಕೆ ಏನು ಅಡ್ಡಿ ಪ್ರಭು ಎಂದ ಮಂತ್ರಿ. ದೊರೆಗೆ ಕಸಿವಿಸಿಯಾಯಿತು, ಆದರೂ ಕ್ರಿ.ಪೂ. 280ರಲ್ಲಿ ಹಡಗು ಹತ್ತಿದ. ಇನ್ನೊಂದು ಇಂತಹ ಗೆಲುವು ಬಂದರೆ ನಾವು ಮುಗಿದೆವು ಎಂದದ್ದು ಇವನೇ. ಎಂಟು ವರ್ಷಗಳ ಮೇಲೆ ಆರ್ಗೋಸ್ ಪಟ್ಟಣದ ಬೀದಿಯಲ್ಲಿ ಕಾದಾಡುವಾಗ ಮುದುಕಿಯೊಬ್ಬಳು ಮಾಡಿನಿಂದ ಎಸೆದ ಹೆಂಚು ಬಡಿದು ಬಿದ್ದ.

ಸಂಶಯಾತ್ಮ

ಕಥೆಗಳು ಸೊಗಸಾಗಿವೆ ಮೇಷ್ಟ್ರೇ. ತೊಂದರೆ ಅದೇ. ಪಿರ್‍ಹಸ್ ಸತ್ತು ಮುನ್ನೂರಕ್ಕೂ ಹೆಚ್ಚು ವರ್ಷಗಳ ನಂತರ ಪ್ಲುಟಾರ್ಕ್ ಬರೆದ. ಅಲೆಗ್ಸಾಂಡರ್ ಸತ್ತು ನಾನೂರಕ್ಕೂ ಹೆಚ್ಚು ವರ್ಷಗಳ ನಂತರ ಅರಿಯನ್ ಬರೆದ. ಅರಿಯನ್‌ಗೆ "ಪೊಥೋಸ್" ಎಂಬ ಪದದ ಮೇಲೆ ಮೋಹ. ತಡೆಯಲಾರದ ಹಂಬಲ ಎಂದರ್ಥ. ಗಾರ್ಡಿಯಮ್ಮಿನ ಗಂಟನ್ನು ನೋಡಲು ಹಂಬಲ, ಸೀವಾದ ದೇವವಾಣಿ ಕೇಳಲು ಹಂಬಲ, ಸಮುದ್ರ ನೋಡಲು ಹಂಬಲ. ಅದು ಅಲೆಗ್ಸಾಂಡರನ ಮನಸ್ಸೋ, ಬರೆದವನ ಶೈಲಿಯೋ ಹೇಗೆ ಬೇರ್ಪಡಿಸುತ್ತೀರಿ?

ಮನಸ್ಸು ಕಾಣುವುದಿಲ್ಲ, ಮಾಡಿದ್ದು ಕಾಣುತ್ತದೆ. ಕ್ರಿ.ಪೂ. 335ರಲ್ಲಿ ಥೀಬ್ಸ್ ಪಟ್ಟಣವನ್ನು ನೆಲಸಮ ಮಾಡಿದ: ಆರು ಸಾವಿರ ಸಾವು, ಮೂವತ್ತು ಸಾವಿರ ಜನ ಮಾರಾಟಕ್ಕೆ. ಟೈರ್‌ನಲ್ಲಿ ಏಳು ತಿಂಗಳು ಕಾದು ಒಳಹೊಕ್ಕ ಮೇಲೆ ಎಂಟು ಸಾವಿರ ಸಾವು, ಮತ್ತೆ ಮೂವತ್ತು ಸಾವಿರ ಜನ ಸಂತೆಗೆ. ನಮ್ಮ ಪಠ್ಯಪುಸ್ತಕ ಅವನನ್ನು "ಮಹಾಶಯ" ಎನ್ನುತ್ತದೆ. ಪರ್ಷಿಯಾದ ಜರಥುಷ್ಟ್ರ ಪರಂಪರೆ ಅವನನ್ನು "ಗುಜಸ್ತಕ್" ಎಂದಿತು, ಶಾಪಗ್ರಸ್ತ ಎಂದು. ಹಂಬಲ ಎಂಬ ಕವಿತೆಯ ಪದವನ್ನು ಇಂತಹ ಕಡೆ ಬಳಸಿದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ತಡರಾತ್ರಿಯ ಓದುಗ

ಸಂಶಯಾತ್ಮರೇ, ಮಾಡಿದ್ದನ್ನೇ ನೋಡೋಣ, ಒಪ್ಪಿದೆ. ಹಾಗಾದರೆ ಬಿಯಾಸ್ ನದಿಯ ದಂಡೆಗೆ ಬನ್ನಿ.

ಕ್ರಿ.ಪೂ. 326. ಝೇಲಂ ದಡದಲ್ಲಿ ಪೌರವನನ್ನು ಸೋಲಿಸಿ, ಅವನ ರಾಜ್ಯವನ್ನು ಅವನಿಗೇ ಮರಳಿಸಿ ಪೂರ್ವಕ್ಕೆ ಬಂದಿದ್ದಾರೆ. ಎಪ್ಪತ್ತು ದಿನ ಬಿಡದೆ ಮಳೆ. ಬಟ್ಟೆ ಕೊಳೆತಿದೆ, ಆಯುಧಗಳಿಗೆ ತುಕ್ಕು. ನದಿಯಾಚೆ ನಂದರ ಸೈನ್ಯವಿದೆ, ಅದರಲ್ಲಿ ಸಾವಿರಗಟ್ಟಲೆ ಆನೆಗಳಿವೆ ಎಂಬ ಸುದ್ದಿ. ಸೈನಿಕರು ಮುಂದೆ ಹೆಜ್ಜೆ ಇಡುವುದಿಲ್ಲ ಎಂದರು. ಹಿರಿಯ ದಂಡನಾಯಕ ಕೋಯನಸ್ ಎದ್ದು ನಿಂತು ಅವರ ಪರವಾಗಿ ಮಾತನಾಡಿದ. ಅಲೆಗ್ಸಾಂಡರ್ ಮೂರು ದಿನ ಡೇರೆಯಿಂದ ಹೊರಗೆ ಬರಲಿಲ್ಲ. ಕೊನೆಗೆ ಶಕುನ ಸರಿಯಿಲ್ಲ ಎಂಬ ನೆಪ ಸಿಕ್ಕಿತು, ಹಿಂದಿರುಗಿದ.

ಇಲ್ಲಿಯವರೆಗೆ ಎಲ್ಲರಿಗೂ ಗೊತ್ತು. ಹಿಂದಿರುಗುವ ಮುನ್ನ ಮಾಡಿದ್ದೇನು? ಗೋಪುರದಷ್ಟು ಎತ್ತರದ ಹನ್ನೆರಡು ಬಲಿಪೀಠ ಕಟ್ಟಿಸಿದ. ಅಷ್ಟೇ ಆಗಿದ್ದರೆ ದೇವರ ಹರಕೆ ಎನ್ನಬಹುದಿತ್ತು. ಇತಿಹಾಸಕಾರ ಡಿಯೊಡೋರಸ್ ಇನ್ನೊಂದು ಮಾತು ಸೇರಿಸುತ್ತಾನೆ: ಪಾಳೆಯವನ್ನು ಮೂರು ಪಟ್ಟು ದೊಡ್ಡದಾಗಿ ಅಳೆಸಿದ, ಐದು ಮೊಳ ಉದ್ದದ ಮಂಚಗಳನ್ನು ಮಾಡಿಸಿದ, ಕುದುರೆಗಳ ಗೋದಲಿಗಳನ್ನು ಎರಡರಷ್ಟು ಗಾತ್ರಕ್ಕೆ ಕಟ್ಟಿಸಿದ, ಎಲ್ಲವನ್ನೂ ಅಲ್ಲೇ ಬಿಟ್ಟ. ಮುಂದೆ ಬಂದವರು ಇಲ್ಲಿಗೆ ಬಂದು ಹೋದವರು ದೈತ್ಯರು ಎಂದುಕೊಳ್ಳಲಿ ಎಂದು.

ಈ ಗೋದಲಿಗಳನ್ನು ಓದಿದ ಮೇಲೆ ನನಗೆ ಅವನ ಆಸೆ ಸ್ವಲ್ಪ ಕಂಡಂತಾಯಿತು. ನೆಲ ಸಿಗಲಿಲ್ಲ. ನೆಲ ದಾಟಿಹೋದಂತೆ ಕಾಣಬೇಕು.

ಅಡಿಟಿಪ್ಪಣಿ

ಆ ಪೀಠಗಳು ಇಂದಿಗೂ ಸಿಕ್ಕಿಲ್ಲ. ಪಂಜಾಬಿನ ನದಿಗಳು ಪಾತ್ರ ಬದಲಿಸುತ್ತಲೇ ಇರುತ್ತವೆ.

ಅವನ ಕೊನೆಯ ಯೋಜನೆಗಳೂ ಇದೇ ಜಾತಿಯವು. ಕ್ರಿ.ಪೂ. 323ರ ಜೂನ್‌ನಲ್ಲಿ ಬ್ಯಾಬಿಲೋನಿನಲ್ಲಿ 32 ವರ್ಷದವನು ಸತ್ತ. ಬಿಟ್ಟುಹೋದ ಟಿಪ್ಪಣಿಗಳನ್ನು ಅವನ ದಂಡನಾಯಕ ಪರ್ಡಿಕ್ಕಸ್ ಸೈನ್ಯದ ಮುಂದೆ ಓದಿಸಿದ. ಕಾರ್ತೇಜಿನ ಮೇಲೆ ಏರಿಹೋಗಲು ಸಾವಿರ ಯುದ್ಧನೌಕೆ, ಲಿಬಿಯಾದ ಕರಾವಳಿಯುದ್ದಕ್ಕೂ ಹರ್ಕ್ಯುಲಿಸ್ ಕಂಬಗಳವರೆಗೆ (ಇಂದಿನ ಜಿಬ್ರಾಲ್ಟರ್ ಜಲಸಂಧಿ) ರಸ್ತೆ, ಒಂದೊಂದಕ್ಕೆ 1,500 ಟ್ಯಾಲೆಂಟಿನ ಆರು ದೇವಾಲಯ, ಅಪ್ಪನಿಗೆ ಈಜಿಪ್ಟಿನ ಪಿರಮಿಡ್ಡಿಗೆ ಸಾಟಿಯಾಗುವ ಗೋರಿ. ಸೈನಿಕರು ಕೇಳಿ, ಗೌರವದಿಂದಲೇ, ಬೇಡ ಎಂದು ಕೈಬಿಟ್ಟರು.

ಲೆಕ್ಕಿಗ

ಅಂದಾಜು ಪಟ್ಟಿಯನ್ನು ಆಡಳಿತ ಮಂಡಳಿ ತಿರಸ್ಕರಿಸಿತು. ಮೊದಲ ಬಾರಿಗೆ ಈ ಕಥೆಯಲ್ಲಿ ಯಾರೋ ಬುದ್ಧಿ ಉಪಯೋಗಿಸಿದ್ದಾರೆ.

ದೂರದೇಶಿ

ಕೆಲಸದ ನಿಮಿತ್ತ ಚೀನಾದ ಶೀಆನ್ ನಗರದಲ್ಲಿ ಎರಡು ವರ್ಷ ಇದ್ದೆ. ಚಿನ್ ಚಕ್ರವರ್ತಿಯ ಗೋರಿಗೆಂದು ಮಾಡಿದ, 1974ರಲ್ಲಿ ಬಾವಿ ತೋಡುವಾಗ ಸಿಕ್ಕ ಮಣ್ಣಿನ ಸೈನ್ಯವನ್ನು ಊರಿನಿಂದ ಬಂದ ನೆಂಟರಿಗೆ ತೋರಿಸಿ ತೋರಿಸಿ ನನಗೆ ಅದರ ಸಾಲುಗಳು ಬಾಯಿಪಾಠ. ಆದ್ದರಿಂದ ಚಿನ್ ಚಕ್ರವರ್ತಿಯ ಪರವಾಗಿ ನಾಲ್ಕು ಮಾತು.

ಕ್ರಿ.ಪೂ. 230ರಿಂದ 221, ಹತ್ತು ವರ್ಷಗಳಲ್ಲಿ ಆರು ರಾಜ್ಯಗಳನ್ನು ನುಂಗಿದ. ಅವನಿಗೆ ಮರುದಿನ ಏನು ಎಂಬುದು ಚೆನ್ನಾಗಿ ಗೊತ್ತಿತ್ತು. ಒಂದೇ ಲಿಪಿ, ಒಂದೇ ತೂಕ, ಒಂದೇ ಅಳತೆ, ಗಾಡಿಯ ಅಚ್ಚಿಗೂ ಒಂದೇ ಅಗಲ. ತನಗೆ "ಮೊದಲ ಚಕ್ರವರ್ತಿ" ಎಂದು ಹೆಸರಿಟ್ಟುಕೊಂಡ; ಎರಡನೆಯವನು, ಮೂರನೆಯವನು ಎಂದು ಹತ್ತು ಸಾವಿರ ತಲೆಮಾರಿನವರೆಗೆ ಎಣಿಕೆ ಸಾಗಬೇಕೆಂಬ ಅಪ್ಪಣೆ. ಸಾವನ್ನೂ ಒಂದು ರಾಜ್ಯ ಎಂದುಕೊಂಡು ಅಮರತ್ವದ ಮದ್ದು ಹುಡುಕಲು ಕಡಲಾಚೆಗೆ ಹಡಗು ಕಳಿಸಿದ. ಅಲೆಗ್ಸಾಂಡರನದು ನೆಲದ ಹಸಿವು, ಇವನದು ಕಾಲದ ಹಸಿವು.

ಕ್ರಿ.ಪೂ. 210ರಲ್ಲಿ ಪ್ರವಾಸದಲ್ಲಿರುವಾಗಲೇ ಸತ್ತ. ಸುದ್ದಿ ಮುಚ್ಚಿಡಲು ಹೆಣದ ಗಾಡಿಯ ಜೊತೆ ಉಪ್ಪುಮೀನಿನ ಗಾಡಿ ನಡೆಸಿದರು, ವಾಸನೆಗೆ ವಾಸನೆ ಸೇರಲಿ ಎಂದು. ನಾಲ್ಕು ವರ್ಷ ಕಳೆಯುವಷ್ಟರಲ್ಲಿ ವಂಶವೇ ಮುಗಿಯಿತು. ಎಣಿಕೆ ಎರಡು ದಾಟಿ ಮೂರಕ್ಕೆ ತಡವರಿಸಿತು.

ಸಂಶಯಾತ್ಮ

"ನೆಲದ ಹಸಿವು, ಕಾಲದ ಹಸಿವು": ವಾಕ್ಯ ಚೆನ್ನಾಗಿದೆ, ಆದರೆ ಅದೇ ಮನುಷ್ಯ ಆರು ರಾಜ್ಯ ಸಾಲದೆಂದು ಉತ್ತರದಲ್ಲಿ ಶಿಯಾಂಗ್ನು ಜನರ ಮೇಲೆ, ದಕ್ಷಿಣದಲ್ಲಿ ಇಂದಿನ ಕ್ಯಾಂಟನ್ ಕಡೆಗೆ ದಂಡು ಕಳಿಸಿದ. ಎರಡೂ ಹಸಿವು ಒಟ್ಟಿಗೆ ಇತ್ತು.

ದೂರದೇಶಿ

ಒಪ್ಪಿದೆ. ವಾಕ್ಯ ಸೊಗಸಾಗಿ ಬಂತು ಎಂಬ ಆಸೆಗೆ ಬಿದ್ದೆ.

ಆದರೆ ಓದುಗರು ಹೇಳಿದ ಗೋದಲಿ ಓದಿದಾಗ ಹೊಳೆದದ್ದು ಇದು: ಚಿನ್ ಚಕ್ರವರ್ತಿಯೂ ಬೆಟ್ಟಬೆಟ್ಟ ಹತ್ತಿ ಶಿಲಾಫಲಕ ನಿಲ್ಲಿಸಿದ. ಯೀ, ತಾಯ್, ಲಾಂಗ್ಯಾ ಹೀಗೆ. ಆರು ದಿಕ್ಕಿನೊಳಗಿನದೆಲ್ಲ ಚಕ್ರವರ್ತಿಯ ನೆಲ ಎಂದು ಅಲ್ಲಿ ಕೊರೆಸಿದ. ಗೆದ್ದ ಮೇಲೆ ಕಲ್ಲಿನ ಹತ್ತಿರ ಹೋಗುವುದು ಇವರೆಲ್ಲರಿಗೂ ಇದ್ದ ಚಟ.

ನಿವೃತ್ತ ಮೇಷ್ಟ್ರು

ಆಹಾ, ಆ ಚಟವನ್ನು ಕನ್ನಡಕ್ಕೆ ಬಹಳ ಹಿಂದೆಯೇ ತಂದವನು ಪಂಪ. ಆದಿಪುರಾಣದ ಭರತ ಷಟ್ಖಂಡವನ್ನೂ ಗೆದ್ದು ವೃಷಭಾಚಲದ ಹತ್ತಿರ ಬರುತ್ತಾನೆ, ತನ್ನ ಹೆಸರು ಕೊರೆಸಬೇಕು ಎಂದು. ನೋಡಿದರೆ ಬೆಟ್ಟದ ತುಂಬ ಹಿಂದಿನ ಚಕ್ರವರ್ತಿಗಳ ಹೆಸರು. ಒಂದು ಹೆಸರಿಗೂ ಜಾಗವಿಲ್ಲ. ತಾನೊಬ್ಬನೇ ಎಂಬ ಗರ್ವ ಅಲ್ಲೇ ಕರಗುತ್ತದೆ. ಆದರೂ, ಇದನ್ನು ಗಮನಿಸಿ, ಹಿಂದಿರುಗಿ ಹೋಗುವುದಿಲ್ಲ. ಒಬ್ಬನ ಹೆಸರನ್ನು ಅಳಿಸಿ ತನ್ನದನ್ನು ಬರೆಸುತ್ತಾನೆ.

ಮೂವತ್ತು ವರ್ಷ ಈ ಭಾಗವನ್ನು ಪಾಠ ಮಾಡಿದ್ದೇನೆ. ಗರ್ವಭಂಗ ಎಂದು ಹಲಗೆಯ ಮೇಲೆ ಬರೆದು ಮುಂದೆ ಹೋಗುತ್ತಿದ್ದೆ. ಅಳಿಸಿದ ಆ ಹೆಸರು ಯಾರದು ಎಂದು ಒಬ್ಬ ಹುಡುಗ ಕೇಳಿದ. ಉತ್ತರ ಇರಲಿಲ್ಲ, ಇಂದಿಗೂ ಇಲ್ಲ.

ಅಡಿಟಿಪ್ಪಣಿ

ಮೇಷ್ಟ್ರ ಮಾತಿಗೆ ಇತಿಹಾಸದಲ್ಲೇ ಜೋಡಿ ಇದೆ. ಅಲಹಾಬಾದ್ ಕೋಟೆಯ ಕಂಬ. ಅದರ ಮೇಲೆ ಅಶೋಕ ಧರ್ಮದ ಮಾತುಗಳನ್ನು ಬರೆಸಿದ್ದಾನೆ. ಆರು ಶತಮಾನಗಳ ನಂತರ ಅದೇ ಕಂಬದ ಮೇಲೆ ಹರಿಷೇಣ ಬರೆದ ಸಮುದ್ರಗುಪ್ತನ ಪ್ರಶಸ್ತಿ: ಆರ್ಯಾವರ್ತದ ಒಂಬತ್ತು ರಾಜರನ್ನು ಬುಡಸಹಿತ ಕಿತ್ತ, ದಕ್ಷಿಣಾಪಥದ ಹನ್ನೆರಡು ರಾಜರನ್ನು ಹಿಡಿದು ಬಿಟ್ಟ. ಆಮೇಲೆ ಜಹಾಂಗೀರನೂ ಅಲ್ಲೇ ತನ್ನ ವಂಶಾವಳಿ ಕೊರೆಸಿದ. ಅವನ ಬರಹ ಅಶೋಕನ ಕೆಲವು ಸಾಲುಗಳನ್ನು ಅಳಿಸಿಯೇ ಹಾಕಿತು.

ಸಮುದ್ರಗುಪ್ತ ಉತ್ತರದಲ್ಲಿ ಒಂದು ರೀತಿ, ದಕ್ಷಿಣದಲ್ಲಿ ಇನ್ನೊಂದು ರೀತಿ ನಡೆದುಕೊಂಡದ್ದಕ್ಕೆ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಹೆಸರುಗಳಿವೆ. ಶರಣಾಗತಿಯಿಂದ ತೃಪ್ತನಾಗುವವನು ಧರ್ಮವಿಜಯಿ. ನೆಲ ಮತ್ತು ಹಣ ಸಿಕ್ಕರೆ ತೃಪ್ತನಾಗುವವನು ಲೋಭವಿಜಯಿ. ನೆಲ, ಹಣ, ಹೆಂಡಿರು ಮಕ್ಕಳು, ಕೊನೆಗೆ ಪ್ರಾಣವನ್ನೂ ಕೇಳುವವನು ಅಸುರವಿಜಯಿ. ಗಮನಿಸಿ: ಎಷ್ಟು ಗೆದ್ದ ಎಂಬುದರ ಮೇಲಲ್ಲ, ಎಲ್ಲಿ ತೃಪ್ತನಾಗುತ್ತಾನೆ ಎಂಬುದರ ಮೇಲೆ ವಿಂಗಡಣೆ. ಓದುಗರ ಪ್ರಶ್ನೆ ಅದೇ ಅಲ್ಲವೇ?

ಕೊಪ್ಪಳದವಳು

ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ಅಶೋಕನ ಹೆಸರು ತಲೆಬರಹದಲ್ಲಿದೆ, ಯಾರೂ ಅವನ ಹತ್ತಿರ ಬರುತ್ತಿಲ್ಲ. ನಮ್ಮ ಊರಿನ ಗವಿಮಠದ ಬೆಟ್ಟದಲ್ಲೂ ಪಾಲ್ಕಿಗುಂಡಿನಲ್ಲೂ ಅವನ ಶಾಸನ ಇದೆ. ಚಿಕ್ಕಂದಿನಲ್ಲಿ ಅದರ ಪಕ್ಕ ಕುಳಿತು ಮಂಡಕ್ಕಿ ತಿಂದವಳು ನಾನು. ಆದ್ದರಿಂದ ಸ್ವಲ್ಪ ಹಕ್ಕಿನಿಂದ ಮಾತನಾಡುತ್ತೇನೆ.

ಅಶೋಕ ಬೇರೆಯವರಂತಲ್ಲ, ಯುದ್ಧ ಬಿಟ್ಟ ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಅವನ 13ನೆಯ ಬಂಡೆ ಶಾಸನವನ್ನು ಪೂರ್ತಿ ಓದಿ. ಪಟ್ಟಕ್ಕೆ ಬಂದ ಎಂಟು ವರ್ಷಕ್ಕೆ ಕಳಿಂಗ ಗೆದ್ದೆ, ಒಂದೂವರೆ ಲಕ್ಷ ಜನರನ್ನು ಅಲ್ಲಿಂದ ಎತ್ತೊಯ್ಯಲಾಯಿತು, ಒಂದು ಲಕ್ಷ ಸತ್ತರು, ಅದರ ಎಷ್ಟೋ ಪಟ್ಟು ಆಮೇಲೆ ಸತ್ತರು ಎಂದು ತಾನೇ ಬರೆಸುತ್ತಾನೆ. ಮೇಲೆ ಹೇಳಿದ ಯಾವ ವಿಜೇತನೂ ತಾನು ಕೊಂದವರ ಲೆಕ್ಕವನ್ನು ಪಶ್ಚಾತ್ತಾಪದ ಮಾತಾಗಿ ಕಲ್ಲಿನ ಮೇಲೆ ಕೊರೆಸಲಿಲ್ಲ. ಅದು ದೊಡ್ಡದೇ.

ಆದರೆ ಅದೇ ಶಾಸನದಲ್ಲಿ ಕಾಡಿನ ಜನರಿಗೆ ಎಚ್ಚರಿಕೆ ಇದೆ: ದೊರೆಗೆ ಪಶ್ಚಾತ್ತಾಪವಾಗಿದ್ದರೂ ಬಲ ಇದೆ, ತಿದ್ದಿಕೊಳ್ಳಿ, ಇಲ್ಲದಿದ್ದರೆ ಸಾಯುತ್ತೀರಿ. ಕಳಿಂಗವನ್ನು ಬಿಟ್ಟುಕೊಟ್ಟದ್ದೂ ಇಲ್ಲ. ಧರ್ಮವಿಜಯವೇ ನಿಜವಾದ ವಿಜಯ ಎನ್ನುತ್ತಾನೆ. ಆ ವಿಜಯ ಎಲ್ಲೆಲ್ಲಿ ಆಗಿದೆ ಎಂದು ಪಟ್ಟಿ ಕೊಡುತ್ತಾನೆ: ಅಂತಿಯೋಕ, ತುಲಮಯ, ಅಂತಿಕಿನಿ, ಮಗ, ಅಲಿಕಸುದರ. ಸಿರಿಯಾ, ಈಜಿಪ್ಟ್, ಮೆಸಿಡೋನಿಯಾ, ಸೈರೀನ್‌ ಮೊದಲಾದ ಕಡೆಯ ಗ್ರೀಕ್ ದೊರೆಗಳು. ಅಂದರೆ ಅಲೆಗ್ಸಾಂಡರನ ದಂಡನಾಯಕರು ಹಂಚಿಕೊಂಡ ನೆಲದಲ್ಲೆಲ್ಲ ತನ್ನ ಧರ್ಮ ಗೆದ್ದಿದೆ ಎನ್ನುತ್ತಾನೆ. ಆಸೆ ಕುಗ್ಗಿಲ್ಲ, ನನ್ನ ಪ್ರಕಾರ ಹಿಗ್ಗಿದೆ. ಸೈನ್ಯ ನಿಂತ ಕಡೆ ಮಾತು ಮುಂದೆ ಹೋಗಿದೆ.

ಇನ್ನೊಂದು ವಿಷಯ ನನ್ನನ್ನು ಯಾವಾಗಲೂ ಕಾಡುತ್ತದೆ. ಆ ಪಶ್ಚಾತ್ತಾಪದ ಶಾಸನ ಕಳಿಂಗದಲ್ಲೇ ಇಲ್ಲ! ಧೌಲಿ, ಜೌಗಡ ಎರಡೂ ಕಡೆ 13ನೆಯದನ್ನು ಬಿಟ್ಟು, ಅದರ ಬದಲು ಅಧಿಕಾರಿಗಳಿಗೆ ಬೇರೆ ಆದೇಶ ಬರೆಸಿದ್ದಾರೆ. "ಎಲ್ಲ ಜನರೂ ನನ್ನ ಮಕ್ಕಳು" ಎಂಬುದು ಆ ಆದೇಶದ ಮಾತು. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ, ಕಾಳಿ ಗುಡಿಯ ವಿಗ್ರಹಕ್ಕೆ ಪೀಠವಾಗಿದ್ದ ಚಪ್ಪಡಿಯಲ್ಲಿ ಸಿಕ್ಕಿದ್ದೂ 12, 14 ಮತ್ತು ಇದೇ ಆದೇಶಗಳು. 13 ಅಲ್ಲಿಯೂ ಇಲ್ಲ. ಕೊಲೆಯಾದವರ ಮನೆಯ ಮುಂದೆ ಲೆಕ್ಕ ಓದುವುದಕ್ಕೆ ಬಾಯಿ ಬರಲಿಲ್ಲವೋ, ಆಡಳಿತದ ಜಾಣ್ಮೆಯೋ, ನೀವೇ ಹೇಳಿ.

ಸಂಶಯಾತ್ಮ

ಮೇಡಂ, ಈ ಚರ್ಚೆಯಲ್ಲಿ ಮೊದಲ ಬಾರಿಗೆ ನನಗೆ ಸಂಶಯ ಪಡಲು ಏನೂ ಸಿಗಲಿಲ್ಲ. ನನ್ನ ಮತ ಆಡಳಿತದ ಜಾಣ್ಮೆಗೆ. ಸನ್ನತಿಯವರೆಗೂ ಆ ಆದೇಶ ಬಂದಿದೆ ಎಂದರೆ ಇಲ್ಲಿನ ಜನರೂ ಹೊಸದಾಗಿ, ಅಷ್ಟೇನೂ ಮನಸ್ಸಿಲ್ಲದೆ ಒಳಗೆ ಸೇರಿದವರೇ ಇರಬೇಕು.

ಅಡಿಟಿಪ್ಪಣಿ

ಅದು ಊಹೆ.

ಸಂಶಯಾತ್ಮ

ಊಹೆಯೇ. ನನಗೂ ಒಂದು ಊಹೆಗೆ ಅವಕಾಶ ಕೊಡಿ.

ಲೆಕ್ಕಿಗ

ಪರ್ಷಿಯಾದ ಕುರುಷ್ (ಸೈರಸ್) ದೊರೆಯನ್ನು ಮರೆತಿರಿ. ಕ್ರಿ.ಪೂ. 539ರಲ್ಲಿ ಬ್ಯಾಬಿಲೋನ್ ಗೆದ್ದು ಮಾನವ ಹಕ್ಕುಗಳ ಮೊದಲ ಸನ್ನದು ಬರೆಸಿದವನು ಅಂತಾರಲ್ಲ, ಮಣ್ಣಿನ ಉರುಳೆಯ ಮೇಲೆ?

ಅಡಿಟಿಪ್ಪಣಿ

ಆ ಉರುಳೆ ಬ್ಯಾಬಿಲೋನಿನ ಕಟ್ಟಡದ ತಳಪಾಯದಲ್ಲಿ ಹೂತಿಡಲು ಮಾಡಿದ್ದು. ಮರ್ದುಕ ದೇವರು ತನ್ನನ್ನು ಆರಿಸಿದ, ತಾನು ಗುಡಿಗಳನ್ನು ಸರಿಪಡಿಸಿದೆ, ವಿಗ್ರಹಗಳನ್ನೂ ಜನರನ್ನೂ ಅವರವರ ಊರಿಗೆ ಕಳಿಸಿದೆ ಎಂಬ ಹೇಳಿಕೆ. ಅಲ್ಲಿನ ರಾಜರು ಹಿಂದಿನಿಂದ ಬರೆಸುತ್ತಿದ್ದ ಧಾಟಿಯೇ. ಮಾನವ ಹಕ್ಕು ಎಂಬ ಹಣೆಪಟ್ಟಿ ಇಪ್ಪತ್ತನೆಯ ಶತಮಾನದ ರಾಜಕೀಯ ಅಂಟಿಸಿದ್ದು.

ಅವನ ಗೋರಿಯ ಕಥೆ ಹೆಚ್ಚು ಸೊಗಸು. ಭಾರತದಿಂದ ಮರಳುವಾಗ ಅಲೆಗ್ಸಾಂಡರ್ ಪಸರ್ಗಾಡೆಗೆ ಹೋದ. ಗೋರಿಯನ್ನು ಕಳ್ಳರು ಬಗೆದಿದ್ದರು. ಅದರ ಮೇಲಿದ್ದ ಬರಹವನ್ನು ಪ್ಲುಟಾರ್ಕ್ ಕೊಡುತ್ತಾನೆ: ಪರ್ಷಿಯನ್ನರಿಗೆ ಸಾಮ್ರಾಜ್ಯ ಗಳಿಸಿಕೊಟ್ಟ ಕುರುಷ್ ನಾನು, ನನ್ನ ಮೈ ಮುಚ್ಚಿರುವ ಈ ಹಿಡಿ ಮಣ್ಣಿಗೆ ಕರುಬಬೇಡ. ಅಲೆಗ್ಸಾಂಡರ್ ಅದನ್ನು ಕೆಳಗೆ ಗ್ರೀಕಿನಲ್ಲೂ ಕೊರೆಸಿದನಂತೆ. ಗೋರಿ ಇನ್ನೂ ನಿಂತಿದೆ, ಎರಡು ಬರಹವೂ ಅಲ್ಲಿಲ್ಲ.

ನಿವೃತ್ತ ಮೇಷ್ಟ್ರು

ಕರುಬಬೇಡ ಎಂದು ಬರೆಸಿದರೆ ಅದನ್ನೂ ತನ್ನ ಭಾಷೆಯಲ್ಲಿ ಬರೆಸಿ ಹೋದನಲ್ಲ! ಭರತನ ತಮ್ಮನಿಗೆ ಇದ್ದ ಬುದ್ಧಿ ಇವರಲ್ಲಿ ಒಬ್ಬನಿಗಾದರೂ ಇತ್ತೇ? ಗೆದ್ದ ಕ್ಷಣದಲ್ಲೇ ಕೈ ಇಳಿಸಿದವನು ಪುರಾಣದಲ್ಲಿ ಮಾತ್ರ ಸಿಗುತ್ತಾನೆ.

ರೋಮಿನ ಅಗಸ್ಟಸ್ ಸ್ವಲ್ಪ ಹತ್ತಿರ ಬರುತ್ತಾನೆ. 32 ವರ್ಷಕ್ಕೆ ಎಲ್ಲ ಗೆದ್ದು ಮುಂದೇನು ಮಾಡಲಿ ಎಂದು ಅಲೆಗ್ಸಾಂಡರನಿಗೆ ತೋಚಲಿಲ್ಲ ಎಂದು ಕೇಳಿದಾಗ, ಗೆದ್ದದ್ದನ್ನು ನೇರ್ಪಡಿಸುವುದು ಗೆಲ್ಲುವುದಕ್ಕಿಂತ ದೊಡ್ಡ ಕೆಲಸ ಎಂದು ಅವನಿಗೆ ಅನ್ನಿಸಲಿಲ್ಲವಲ್ಲ ಎಂದು ಅಚ್ಚರಿಪಟ್ಟನಂತೆ. ಆದರೆ ಅವನೂ ತನ್ನ ಸಾಧನೆಯನ್ನು ಕಂಚಿನಲ್ಲಿ ಬರೆಸಿ ಗೋರಿಯ ಮುಂದೆ ನಿಲ್ಲಿಸಲು ಹೇಳಿಯೇ ಸತ್ತ. ಕಂಚು ಉಳಿಯಲಿಲ್ಲ. ದೂರದ ಅಂಕಾರಾದ ಗುಡಿಯ ಗೋಡೆಯ ಪ್ರತಿ ಉಳಿಯಿತು.

ತಡರಾತ್ರಿಯ ಓದುಗ

ನೆಲದ ಮಾತು ಎತ್ತಿದೆ, ನೀವೆಲ್ಲ ಕಲ್ಲಿನ ಮುಂದೆ ತಂದು ನಿಲ್ಲಿಸಿದಿರಿ. ಮಗಳಿಗೆ ಗೋದಲಿಯ ಕಥೆ ಹೇಳಿದೆ. "ಹಾಗಾದರೆ ಅವನಿಗೆ ಬೇಕಾಗಿದ್ದು ನಾವು" ಎಂದಳು. ನಾವು ಅಂದರೆ ಯಾರು ಎಂದೆ. "ಆಮೇಲೆ ಬಂದು ನೋಡುವವರು." ನಾಲ್ಕು ಅಂಕಕ್ಕೆ ಇದನ್ನು ಬರೆಯಬೇಡ ಎಂದು ಎಚ್ಚರಿಸಿದ್ದೇನೆ.

ದಸರೆ ರಜೆಯಲ್ಲಿ ಅವಳನ್ನು ಕರೆದುಕೊಂಡು ಒಂದು ಶಾಸನವನ್ನಾದರೂ ನೋಡೋಣ ಅಂದುಕೊಂಡಿದ್ದೇವೆ. ಮೊದಲು ಯಾವುದಕ್ಕೆ ಹೋಗಬೇಕು? ಮಸ್ಕಿಯಲ್ಲಿ ಅಶೋಕ ಎಂಬ ಹೆಸರೇ ಇದೆಯಂತೆ.

ಕೊಪ್ಪಳದವಳು

ಮಸ್ಕಿಗೆ ಹೋಗಿ. "ದೇವಾನಾಂಪ್ರಿಯ" ಎಂದರೆ ಅಶೋಕನೇ ಎಂಬುದು 1915ರಲ್ಲಿ ಆ ಬಂಡೆ ಸಿಕ್ಕ ಮೇಲೆ ಗಟ್ಟಿಯಾಯಿತು. ಆದರೆ ಚಿಕ್ಕವಳಿಗೆ ಮೊದಲು ತೋರಿಸಬೇಕಾದ್ದು ಚಿತ್ರದುರ್ಗ ಜಿಲ್ಲೆ ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿ. ಅಲ್ಲಿ ದೊರೆಯ ಮಾತೆಲ್ಲ ಮುಗಿದ ಮೇಲೆ, ಕೊನೆಯಲ್ಲಿ, ಬರೆದವನ ಹೆಸರಿದೆ: ಚಪಡ. ಇಡೀ ಶಾಸನ ಬ್ರಾಹ್ಮಿಯಲ್ಲಿದೆ, ಆದರೆ "ಲಿಪಿಕಾರ" ಎಂಬ ತನ್ನ ಕಸುಬಿನ ಪದವನ್ನು ಮಾತ್ರ ಅವನು ಖರೋಷ್ಠಿಯಲ್ಲಿ ಕೊರೆದಿದ್ದಾನೆ. ಅದು ಗಾಂಧಾರದ ಕಡೆಯ ಲಿಪಿ, ಅಲೆಗ್ಸಾಂಡರ್ ದಾಟಿ ಬಂದ ನೆಲದ್ದು. ಇಲ್ಲಿ ಓದಬಲ್ಲವರು ಯಾರೂ ಇಲ್ಲ ಎಂದು ಗೊತ್ತಿದ್ದೂ ಬರೆದಿರಬೇಕು.

ಬೆಳಿಗ್ಗೆ ಬೇಗ ಹೋಗಿ, ಓರೆ ಬಿಸಿಲು ಬಿದ್ದಾಗ ಗೀರುಗಳು ಚೆನ್ನಾಗಿ ಕಾಣುತ್ತವೆ. ಆ ಒಂದು ಪದವನ್ನು ಬಲದಿಂದ ಎಡಕ್ಕೆ ಓದಬೇಕು ಎಂದು ಅವಳಿಗೆ ಮೊದಲೇ ಹೇಳಿಡಿ.